ಅಂಕಲ್ ಕ್ಲಬ್ಬಿನ ಅಕ್ಕಿಚೀಲದ ಗೋಡೆ

ಕೆಲವರನ್ನು ಎಲ್ಲಿ ಹೋದರೂ ನಾಯಿ ಅಟ್ಟಿಸಿಕೊಂಡು ಬರುತ್ತದೆ. ಕೆಲವರು ಕೌಂಟರ್ ಮುಂದೆ ನಿಂತರೆ ಸರಿಯಾಗಿ ಅವರ ಸರದಿಗೇ ಕಿಟಕಿ ಮುಚ್ಚುತ್ತದೆ. ನನ್ನ ಹಣೆಯಲ್ಲಿ ಬರೆದಿರುವುದು ಶಬ್ದ. ಹದಿನಾರು ವರ್ಷ ಡೆಟ್ರಾಯಿಟ್ ಹತ್ತಿರದ ಒಂದು ಕಾರ್ ಕಂಪನಿಯಲ್ಲಿ ನನ್ನ ಕೆಲಸ ಒಂದೇ: ಕಾರಿನೊಳಗೆ ಕೂತವರಿಗೆ ಎಂಜಿನ್ನು, ಟೈರು, ಗಾಳಿ ಯಾವುದರ ಸದ್ದೂ ಕೇಳಬಾರದು. ಮನೆಯಲ್ಲಿ ಫ್ರಿಜ್ ಗುಂಯ್ ಅಂದರೆ ಎದ್ದು ಹೋಗಿ ಅದರ ಕಾಲಡಿ ರಟ್ಟು ಇಟ್ಟು ಬರುವವನು ನಾನು. ಇಂಥ ಪಿರಿಪಿರಿ ಮನುಷ್ಯನಿಗೆ ದೇವರು ಕೊಟ್ಟ ಎರಡನೇ ಕೆಲಸ ಒಂದು ಪಂಕ್ ರಾಕ್ ಕ್ಲಬ್ಬಿನಲ್ಲಿ. ಅದನ್ನು ಕಟ್ಟಿದ ಮಹಾನುಭಾವ ಹೋಗಿ ಕೆಲವು ವರ್ಷವಾಯಿತು. ಈಗಲೂ ನೆನೆಸಿಕೊಂಡು ಒಬ್ಬನೇ ನಗುತ್ತಿರುತ್ತೇನೆ. ಪಕ್ಕದ ರೂಮಿನಿಂದ ಹೆಂಡತಿ ‘ಏನಾತ್ರೀ?’ ಅನ್ನುತ್ತಾಳೆ. ಏನಾಯಿತು ಅಂತ ಬರೆದೇ ಬಿಡೋಣ ಅನ್ನಿಸಿತು.

ಲೈಬ್ರರಿಯ ಚೀಟಿ

ರಿಸೆಷನ್ ಬಂತು, ನಮ್ಮ ಇಡೀ ಡಿಪಾರ್ಟ್‌ಮೆಂಟನ್ನೇ ಎತ್ತಿಬಿಟ್ಟರು. ಡೆಟ್ರಾಯಿಟ್ ಪಕ್ಕದ ಕ್ಯಾಂಟನ್ ಊರಿನ ನಮ್ಮ ಬಡಾವಣೆಯಲ್ಲಿ ಅರ್ಧ ಗಂಡಸರು ಮನೆಯಲ್ಲೇ. ಬೆಳಗ್ಗೆ ಎದ್ದು ಶರ್ಟಿಗೆ ಇಸ್ತ್ರಿ ಹಾಕಿಕೊಂಡು ಲೈಬ್ರರಿಗೆ ಹೋಗಿ ಕೂರುತ್ತಿದ್ದೆವು. ಮನೆಯಲ್ಲಿದ್ದರೆ ‘ಸುಮ್ಮನೆ ಕೂತಿದಾರೆ’, ಲೈಬ್ರರಿಯಲ್ಲಿದ್ದರೆ ‘ಅಪ್ಲೈ ಮಾಡ್ತಿದಾರೆ’. ಅಷ್ಟೇ ವ್ಯತ್ಯಾಸ.

ಒಂದು ದಿನ ಅಲ್ಲಿನ ನೋಟಿಸ್ ಬೋರ್ಡಿನ ಮೇಲೆ ಕೈಬರಹದ ಒಂದು ಚೀಟಿ ಕಂಡಿತು. ‘ಕಟ್ಟಡದಿಂದ ಶಬ್ದ ಹೊರಗೆ ಹೋಗದ ಹಾಗೆ ಮಾಡುವವರು ಬೇಕು. ಒಳಗಿನ ಶಬ್ದ ಒಂದು ಚೂರೂ ಕಡಿಮೆಯಾಗಕೂಡದು.’ ಯಾವುದೋ ಮೆಷಿನ್ ಶಾಪ್ ಇರಬೇಕು ಅಂದುಕೊಂಡು ಟೈ ಕಟ್ಟಿಕೊಂಡು, ರೆಸ್ಯೂಮೆಯ ಎರಡು ಪ್ರತಿ ಹಿಡಿದುಕೊಂಡು, ಮಿಶಿಗನ್ ಅವೆನ್ಯೂ ರಸ್ತೆಯಲ್ಲಿ ಡೆಟ್ರಾಯಿಟ್ ಕಡೆಗೆ ಇಪ್ಪತ್ತೈದು ಮೈಲಿ ಡ್ರೈವ್ ಮಾಡಿಕೊಂಡು ಹೋದೆ. ಹೋಗಿ ನೋಡಿದರೆ ಅದು ಹಿಂದೆ ಕಾರಿನ ಸೈಲೆನ್ಸರ್ ರಿಪೇರಿ ಮಾಡುತ್ತಿದ್ದ ಅಂಗಡಿ. ಈಗ ಪಂಕ್ ಕ್ಲಬ್ಬು.

ಪಂಕ್ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೂರು ಸ್ವರ, ಎರಡು ನಿಮಿಷ, ಮೈತುಂಬ ಸಿಟ್ಟು. ಆ ಕ್ಲಬ್ಬು ಆ ಲೋಕದಲ್ಲಿ ದೊಡ್ಡ ಹೆಸರು. ಷಿಕಾಗೋದಿಂದ ಹುಡುಗರು ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದು, ಎರಡು ಗಂಟೆ ವೇದಿಕೆಯ ಮುಂದೆ ತಳ್ಳಾಡಿಕೊಂಡು, ಮತ್ತೆ ಐದು ಗಂಟೆ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದರು. ನನಗೆ ಇದೇನೂ ಗೊತ್ತಿರಲಿಲ್ಲ.

ಬಾಗಿಲು ತೆಗೆದ ಕ್ಲಬ್ಬಿನ ಯಜಮಾನರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಬಿಳೀ ಜುಟ್ಟು, ತೋಳಿಲ್ಲದ ಬನಿಯನ್ನು, ಮೂಗಿನಲ್ಲಿ ಒಂದು ಬೊಟ್ಟು. ನಮ್ಮಜ್ಜಿಯ ಮೂಗುಬೊಟ್ಟೂ ಥೇಟ್ ಹಾಗೇ, ಅದೇ ಕಡೆಗೆ ಇತ್ತು. ಅದಕ್ಕೋ ಏನೋ ನೋಡಿದ ತಕ್ಷಣ ಭಯಭಕ್ತಿ ಬಂದುಬಿಟ್ಟಿತು. ಕ್ಯಾಂಟನ್ ಲೈಬ್ರರಿಯಲ್ಲೇ ಯಾಕೆ ಚೀಟಿ ಹಾಕಿದಿರಿ ಅಂತ ಕೇಳಿದೆ. ಈ ವರ್ಷ ಒಳ್ಳೊಳ್ಳೆ ಎಂಜಿನಿಯರುಗಳೆಲ್ಲ ಲೈಬ್ರರಿಯಲ್ಲೇ ಸಿಗೋದು ಅಂದರು.

ವಿಷಯ ಇಷ್ಟು. ಕ್ಲಬ್ಬಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ರಿಟೈರ್ಡ್ ಟೀಚರಮ್ಮ ಇದ್ದರು. ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಕ್ಲಬ್ಬಿನಲ್ಲಿ ಷೋ. ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೇ ಅವರ ನಿದ್ದೆ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅವರು ದೂರು ಕೊಡುತ್ತಲೇ ಬಂದಿದ್ದರು. ಈ ಸಲ ನಗರಸಭೆಯವರು ಕಾಗದ ಕಳಿಸಿದ್ದರು. ಅಕ್ಟೋಬರಿನಲ್ಲಿ ಇನ್‌ಸ್ಪೆಕ್ಟರ್ ಬಂದು ಟೀಚರಮ್ಮನ ಬೇಲಿಯ ಹತ್ತಿರ ಶಬ್ದ ಅಳೆಯುತ್ತಾರೆ. ಮಿತಿ ದಾಟಿದರೆ ಕ್ಲಬ್ಬಿಗೆ ಬೀಗ.

ಅವರು ಕಾಗದ ಮಡಿಸಿಟ್ಟು, ಹಿಂದಿನ ಒಂದು ರಿಸೆಷನ್ನಿನಲ್ಲಿ ತಮ್ಮನ್ನೂ ಕಾರ್ ಫ್ಯಾಕ್ಟರಿಯವರೇ ಹೊರಗೆ ಹಾಕಿದ್ದು ಅಂತ ಹೇಳಿದರು. ಆಗ ಮೂರು ಜನ ಸೇರಿ ಈ ಮುಚ್ಚಿದ ಅಂಗಡಿ ಬಾಡಿಗೆಗೆ ಹಿಡಿದರಂತೆ. ಹೆಂಡತಿ ಮಕ್ಕಳು ಅಂತ ಇಲ್ಲ. ಇದು ಹೋದರೆ ತಮಗೆ ಬೆಳಗ್ಗೆ ಏಳುವುದಕ್ಕೇ ಕಾರಣ ಇಲ್ಲ ಅಂದರು. ಆಮೇಲೆ ಒಂದು ಹಾಡು ಹಾಕಿ ಹೇಗಿದೆ ಅಂತ ಕೇಳಿದರು. ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ತಲೆನೋವು ಬರ್ತಿದೆ, ದಯವಿಟ್ಟು ನಿಲ್ಲಿಸಿ ಅಂದೆ.

‘ಸೋಮವಾರದಿಂದ ಬಾ. ಹಿಂದೆ ಬಂದವನು ಹಾಡು ಕೇಳ್ತಾ ಕೂತುಬಿಟ್ಟ,’ ಅಂದರು.

ಸಾರ್ ಹೋಗಿ ಅಂಕಲ್ ಬಂತು

ಮೊದಲನೇ ವಾರವೇ ಒಂದು ತೊಂದರೆ. ನಾನು ಅವರನ್ನು ‘ಸಾರ್’ ಅಂದೆ. ಅವರು ಹಿಡಿದುಕೊಂಡಿದ್ದ ಸ್ಪೀಕರನ್ನು ಕೆಳಗಿಟ್ಟರು. ಜೀವಮಾನವೆಲ್ಲ ಸಾರ್‌ಗಳ ವಿರುದ್ಧವೇ ಕೂಗಿದ್ದೀನಿ, ನನ್ನ ಮನೆಯಲ್ಲೇ ನನಗೆ ಇದೇನಪ್ಪ ಅವಮಾನ ಅಂದರು. ಎಲ್ಲರ ಹಾಗೆ ಹೆಸರು ಹಿಡಿದು ಕರಿ ಅಂದರು. ಎಪ್ಪತ್ತು ವರ್ಷದವರನ್ನು ಹೆಸರು ಹಿಡಿದು ಕರೆಯುವುದಕ್ಕೆ ಮೈಸೂರಿನಲ್ಲಿ ಬೆಳೆದವನ ನಾಲಿಗೆ ಹೊರಳಬೇಕಲ್ಲ. ಹದಿನೈದು ದಿನ ನಾನು ಅವರನ್ನು ಕರೆಯಲೇ ಇಲ್ಲ. ಏನಾದರೂ ಬೇಕಾದರೆ ಎದುರಿಗೆ ಹೋಗಿ ನಿಂತು ಕೆಮ್ಮುತ್ತಿದ್ದೆ. ನನಗೆ ಕ್ಷಯ ಇದೆಯಾ ಅಂತ ಅವರು ಬಾಗಿಲು ಕಾಯುವ ಡೋರ್‌ಮನ್ ಹತ್ತಿರ ವಿಚಾರಿಸಿದರಂತೆ.

ಒಂದು ಭಾನುವಾರ ಹೆಂಡತಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಡ್ಯೂಟಿ ಬಿತ್ತು. ಹನ್ನೆರಡು ವರ್ಷದ ಮಗಳನ್ನು ಜೊತೆಗೆ ಕರೆದುಕೊಂಡು ಹೋದೆ. ಅವಳಿಗೆ ಕನ್ನಡ ಸಂಘದ ಫಂಕ್ಷನ್ನುಗಳಲ್ಲಿ ಆದ ಅಭ್ಯಾಸ, ದೊಡ್ಡವರು ಯಾರು ಕಂಡರೂ ಒಂದೇ ಮಂತ್ರ. ಒಳಗೆ ಬಂದವಳೇ ಮೂಗುಬೊಟ್ಟಿನ ಮುದುಕರನ್ನು ನೋಡಿ ‘ಹಾಯ್ ಅಂಕಲ್’ ಅಂದಳು.

ಅವರು ನನ್ನ ಕಡೆ ತಿರುಗಿದರು. ತಮ್ಮನ್ನು ಯಾಕೆ ಹಾಗೆ ಕರೆದಳು ಅಂತ ಕೇಳಿದರು. ನಮ್ಮಲ್ಲಿ ಹಾಗೇ, ದೊಡ್ಡವರೆಲ್ಲ ಅಂಕಲ್ಲೇ, ರಕ್ತಸಂಬಂಧ ಬೇಕಾಗಿಲ್ಲ ಅಂತ ವಿವರಿಸಿದೆ. ಅವತ್ತಿನಿಂದ ನಾನೂ ಅಂಕಲ್ ಅಂದೆ, ಕೆಮ್ಮು ವಾಸಿಯಾಯಿತು. ಆಮೇಲೆ ಡೋರ್‌ಮನ್ ಶುರು ಮಾಡಿದ. ಕತ್ತಿನ ತನಕ ಹಚ್ಚೆ ಹಾಕಿಸಿಕೊಂಡ, ಬಾಗಿಲಿನಷ್ಟೇ ಅಗಲದ ಮನುಷ್ಯ ಅವನು. ಅವನನ್ನು ನೋಡಿ ಬ್ಯಾಂಡಿನವರು, ಅವರನ್ನು ನೋಡಿ ಕೇಳಲು ಬಂದವರು. ತಿಂಗಳೊಪ್ಪತ್ತಿನಲ್ಲಿ, ಕೂದಲನ್ನು ಹಸಿರು ಮುಳ್ಳಿನ ಹಾಗೆ ನಿಲ್ಲಿಸಿಕೊಂಡವರೆಲ್ಲ ವಿನಯವಾಗಿ ‘ಅಂಕಲ್, ಬಾತ್‌ರೂಮ್ ಎಲ್ಲಿದೆ?’ ಅನ್ನತೊಡಗಿದರು. ನನ್ನ ಮಗಳು ಮಾತ್ರ ‘ಅಪ್ಪಾ, ದಿಸ್ ಈಸ್ ಸೋ ಎಂಬರಾಸಿಂಗ್’ ಅಂತ ಕಾರಿನಲ್ಲಿ ಮುಖ ಮುಚ್ಚಿಕೊಂಡಳು.

ಅಂಕಲ್ ಒಂದು ದಿನ ಬೇಸರದಿಂದ ಹೇಳಿದರು: ‘ಮೂವತ್ತು ವರ್ಷ ನಾನು ಯಾರಿಗೂ ಹಿರಿಯನಾಗಲಿಲ್ಲ. ನಿನ್ನ ಮಗಳು ಒಂದೇ ಮಧ್ಯಾಹ್ನದಲ್ಲಿ ಇನ್ನೂರು ಜನ ಸೋದರಳಿಯಂದಿರನ್ನ ತಲೆಗೆ ಕಟ್ಟಿದಳು.’

ಖಾಲಿ ಚೀಲದ ಮರ್ಯಾದೆ

ಶಬ್ದ ನಿಲ್ಲಬೇಕಾದರೆ ಗೋಡೆಗೆ ಭಾರ ಬೇಕು. ಆ ಕಟ್ಟಡದ ಹಿಂದಿನ ಗೋಡೆ ಒಳಗೆಲ್ಲ ಟೊಳ್ಳು, ಡೋಲಿನ ಹಾಗೆ ಬಾರಿಸುತ್ತಿತ್ತು. ಒಳಗಿನಿಂದ ಇನ್ನೊಂದು ಗೋಡೆ ಮರಳಿನಲ್ಲೇ ಕಟ್ಟೋಣ ಅಂತ ಲೆಕ್ಕ ಹಾಕಿದೆ. ವ್ಯಾಪಾರವಿಲ್ಲದೆ ಬಾಗಿಲು ಹಾಕುತ್ತಿದ್ದ ಒಂದು ಇಟ್ಟಿಗೆ ಅಂಗಡಿಯವರು ಮರಳನ್ನು ಬಿಟ್ಟಿಯಾಗಿ ಕೊಟ್ಟರು. ತುಂಬಲು ಗಟ್ಟಿ ಚೀಲ ಬೇಕಲ್ಲ, ಅದಕ್ಕೆ ನಮ್ಮ ಜನರ ಗರಾಜುಗಳು ನೆನಪಾದವು. ಬಾಸ್ಮತಿ ಅಕ್ಕಿಯ ಇಪ್ಪತ್ತು ಪೌಂಡ್ ಚೀಲ, ಮೇಲೆ ಜಿಪ್ಪು, ಎರಡು ಕಡೆ ಹಿಡಿ. ಯಾವ ಕನ್ನಡಿಗರ ಮನೆಯಲ್ಲೂ ಅದನ್ನು ಎಸೆಯುವುದಿಲ್ಲ, ಯಾವುದಕ್ಕೂ ಉಪಯೋಗಿಸುವುದೂ ಇಲ್ಲ. ಮಡಿಸಿ ಮಡಿಸಿ ಇಟ್ಟಿರುತ್ತಾರೆ.

ಮನೆಮನೆಗೆ ಫೋನ್ ಮಾಡಿದೆ. ಖಾಲಿ ಅಕ್ಕಿಚೀಲ ಇದ್ದರೆ ಕೊಡಿ ಅಂದೆ. ಯಾಕೆ ಅಂತ ಹೇಳಲಿಲ್ಲ. ಪಂಕ್ ಕ್ಲಬ್ಬಿನಲ್ಲಿ ಕೆಲಸ ಅಂತ ಹೇಳಿಕೊಳ್ಳಲು ಆಗ ಸಂಕೋಚ. ಎಲ್ಲರೂ ತುಂಬಾ ಮೆತ್ತಗೆ ‘ಆಯ್ತು, ತಗೊಳ್ಳಿ’ ಅನ್ನುತ್ತಿದ್ದರು. ಇಷ್ಟು ಒಳ್ಳೆಯ ಜನ ಅಂತ ನನಗೆ ಸಂತೋಷ.

ಮರುದಿನ ಬೆಳಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಒಂದು ಅಕ್ಕಿಚೀಲ. ತುಂಬಿದ್ದು. ಮೇಲೆ ತೊಗರಿಬೇಳೆ, ಹುಣಸೆಹಣ್ಣು. ಅದರ ಮರುದಿನ ಮೂರು ಚೀಲ. ನೆರೆಯ ಡಾಕ್ಟರ್ ಆಂಟಿ ಕಾರು ನಿಲ್ಲಿಸಿ, ನನ್ನ ಕೈ ಹಿಡಿದುಕೊಂಡು, ‘ಕಷ್ಟ ಎಲ್ಲರಿಗೂ ಬರುತ್ತಪ್ಪ, ಆದ್ರೆ ಖಾಲಿ ಚೀಲ ಕೊಡವಿ ಅಕ್ಕಿಕಾಳು ಆರಿಸೋ ಮಟ್ಟಕ್ಕೆ ಹೋಗಬೇಡ’ ಅಂದರು. ಆಗ ನನ್ನ ತಲೆಗೆ ಹೊಳೆಯಿತು. ಊರಿಗೆ ಊರೇ, ಪಾಪ, ಇವರ ಮನೇಲಿ ಒಲೆ ಹೊತ್ತುತ್ತಿಲ್ಲ ಅಂತ ತೀರ್ಮಾನ ಮಾಡಿಬಿಟ್ಟಿತ್ತು.

ಹೆಂಡತಿ ಧಾರವಾಡದವಳು. ಅವಳು ಸಂಬಳ ತಂದು ಮನೆ ನಡೆಸುತ್ತಿದ್ದ ದಿನಗಳವು. ಲ್ಯಾಬಿನಿಂದ ಬಂದು ಮೆಟ್ಟಿಲ ಮೇಲಿನ ಅಕ್ಕಿರಾಶಿ ನೋಡಿದಳು. ‘ನಾ ಇಲ್ಲಿ ಹಗಲೆಲ್ಲಾ ದುಡದು ಸಾಯಾಕತ್ತೀನಿ, ನೀವು ಊರತುಂಬ ಭಿಕ್ಷಾ ಬೇಡಾಕತ್ತೀರಿ,’ ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು. ಅವತ್ತೇ ಒಬ್ಬೊಬ್ಬರಿಗೂ ಫೋನ್ ಮಾಡಿ ಸತ್ಯ ಹೇಳಿದೆ: ನಾನು ಪಂಕ್ ಕ್ಲಬ್ಬಿನಲ್ಲಿ ಕೆಲಸ ಮಾಡ್ತಿದೀನಿ, ಚೀಲ ಅಲ್ಲಿನ ಗೋಡೆಗೆ.

ಮಾರನೆಯ ದಿನ ಇನ್ನೂ ಆರು ಚೀಲ ಅಕ್ಕಿ ಬಂತು. ಡಾಕ್ಟರ್ ಆಂಟಿ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು ಹೇಳಿದ್ದಿಷ್ಟು: ‘ಯಾರು ಕೇಳಿದ್ರೂ ಅಕ್ಕಿ ಇಲ್ಲ ಅಂತಲೇ ಹೇಳಮ್ಮ. ಕ್ಲಬ್ಬಿನ ವಿಷಯ ಎತ್ತಬೇಡ.’

ಇನ್‌ಸ್ಪೆಕ್ಟರ್ ಓಡಾಟ

ಅಕ್ಟೋಬರ್ ಬಂತು. ಗರಾಜುಗಳಿಂದ ಖಾಲಿ ಚೀಲಗಳೂ ರಾಶಿ ಬಂದಿದ್ದವು. ಅಕ್ಕಿಯನ್ನೆಲ್ಲ ಪಾತ್ರೆ, ಬಕೆಟ್ಟು, ಕೊನೆಗೆ ಗೆಸ್ಟ್ ಬಾತ್‌ರೂಮಿನ ಟಬ್ಬಿಗೂ ಸುರಿದು ಚೀಲ ಖಾಲಿ ಮಾಡಿದ್ದೆವು. ಅಂಕಲ್, ಡೋರ್‌ಮನ್, ನಾನು, ಜೊತೆಗೆ ಲೈಬ್ರರಿಯ ನಾಲ್ಕು ಜನ ಎಂಜಿನಿಯರುಗಳು ಸೇರಿ ನೆಲದಿಂದ ಚಾವಣಿಯವರೆಗೆ ಮರಳಿನ ಚೀಲ ಜೋಡಿಸಿದೆವು. ಆಯುಧಪೂಜೆ ಅದೇ ವಾರ. ಹೆಂಡತಿ ನನ್ನ ಸೌಂಡ್ ಮೀಟರಿಗೆ ಕುಂಕುಮ ಹಚ್ಚಿ, ಅಂಕಲ್‌ಗೂ ಒಳ್ಳೇದಾಗಲಿ ಅಂತ ಕೈಮುಗಿದಳು. ಅಷ್ಟು ಹೊತ್ತಿಗೆ ಅವಳ ಸಿಟ್ಟು ಇಳಿದಿತ್ತು. ಇಂತಿಂಥವರು ಅಕ್ಕಿ ಕೊಟ್ಟರು ಅಂತ ಅಂಕಲ್ ಗೋಡೆಯ ಮೇಲೆ ಎಲ್ಲ ಮನೆತನದ ಹೆಸರೂ ಬರೆಸಿದ್ದರು. ಡಾಕ್ಟರ್ ಆಂಟಿಯ ಹೆಸರು ಎಲ್ಲಕ್ಕಿಂತ ದೊಡ್ಡದಾಗಿ.

ಇನ್‌ಸ್ಪೆಕ್ಟರ್ ಭಾನುವಾರ ಮೂರಕ್ಕೆ ಸರಿಯಾಗಿ ಬಂದ. ಒಳಗೆ ಬ್ಯಾಂಡು ಪೂರ್ತಿ ಜೋರಿನಲ್ಲಿ. ಟೀಚರಮ್ಮ ಕುರ್ಚಿ ಹಾಕಿಸಿಕೊಂಡು ಬೇಲಿಯ ಆಚೆ ಕೂತಿದ್ದರು. ಇನ್‌ಸ್ಪೆಕ್ಟರ್ ಗಲ್ಲಿಯಲ್ಲಿ ನಿಂತು ಮೀಟರ್ ಹಿಡಿದ, ನೋಡಿದ, ತಟ್ಟಿದ, ಮತ್ತೆ ನೋಡಿದ. ಷೋ ಯಾವಾಗ ಶುರು ಅಂತ ಕೇಳಿದ. ಆಗಲೇ ಶುರುವಾಗಿದೆ ಅಂದೆ. ಅವನು ನಂಬಲಿಲ್ಲ. ಸುತ್ತು ಹಾಕಿ ಮುಂಬಾಗಿಲಿನಿಂದ ಒಳಗೆ ಹೋದ, ಎರಡೂ ಕಿವಿ ಮುಚ್ಚಿಕೊಂಡು ಹೊರಗೆ ಬಂದ. ಮತ್ತೆ ಗಲ್ಲಿಗೆ ಬಂದು ಅಳೆದ. ತಾನು ಹೊರಗೆ ಬಂದ ತಕ್ಷಣ ಬ್ಯಾಂಡು ನಿಲ್ಲಿಸ್ತಾರೆ ಅಂತ ಅನುಮಾನಪಟ್ಟು ಮತ್ತೆ ಒಳಗೆ ಓಡಿದ. ಹೀಗೆ ನಾಲ್ಕು ಸಲ. ಐದನೇ ಸಲ ಸುಸ್ತಾಗಿ ಟೀಚರಮ್ಮನ ಹತ್ತಿರ ನೀರು ಇಸಿದುಕೊಂಡು ಕುಡಿದ.

ಪಾಸಾಯಿತು. ನಾನು ಕುಣಿಯುವುದೊಂದು ಬಾಕಿ. ಅಂಕಲ್ ನನ್ನನ್ನು ತಬ್ಬಿಕೊಂಡರು. ಆಮೇಲೆ ಗಲ್ಲಿಗೆ ಹೋಗಿ ತಮ್ಮ ಕ್ಲಬ್ಬಿನ ನಿಶ್ಶಬ್ದ ಕೇಳುತ್ತಾ ಸ್ವಲ್ಪ ಹೊತ್ತು ನಿಂತರು. ಪೊಲೀಸರ ಕೈಲಿ ಆಗದೆ ಇದ್ದದ್ದನ್ನ ನೀನು ಮಾಡಿದೆಯಲ್ಲೋ ಅಂದರು. ಖುಷಿಗೆ ಹೇಳಿದರೋ ದುಃಖಕ್ಕೋ ನನಗೆ ತಿಳಿಯಲಿಲ್ಲ.

ಇನ್‌ಸ್ಪೆಕ್ಟರ್ ಮತ್ತೆ ಒಳಗೆ ಬಂದು ಫಾರಂ ತುಂಬಿಸುತ್ತಾ ಗೋಡೆಗೆ ಬಳಸಿದ ಸಾಮಾನು ಏನು ಅಂತ ಕೇಳಿದ. ಗದ್ದಲದಲ್ಲಿ ನನ್ನ ಉತ್ತರ ಅವನಿಗೆ ಕೇಳಲಿಲ್ಲ. ಚೀಲದ ಮೇಲೆ ಇದ್ದದ್ದನ್ನೇ ನೋಡಿ ಬರೆದುಕೊಂಡು ಹೋದ. ನಗರಸಭೆಯ ಕಾಗದದಲ್ಲಿ ಇವತ್ತಿಗೂ ಆ ಗೋಡೆ ‘ಎಕ್ಸ್‌ಟ್ರಾ ಲಾಂಗ್ ಗ್ರೇನ್ ಬಾಸ್ಮತಿ’ ಅಂತಲೇ ಇದೆ.

ಸಿಗದ ಸೋರಿಕೆ

ಮುಂದಿನ ವರ್ಷ ನನಗೆ ಬೇರೆ ಕಾರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಆದರೂ ಭಾನುವಾರ ಕ್ಲಬ್ಬಿಗೆ ಹೋಗುವುದು ಬಿಡಲಿಲ್ಲ. ಇನ್‌ಸ್ಪೆಕ್ಟರ್ ಯಾವಾಗ ಬೇಕಾದರೂ ಬರಬಹುದು, ನನ್ನ ಗೋಡೆಯ ಮಾನ ನಾನೇ ಕಾಯಬೇಕು.

ಜೊತೆಗೆ, ಗೋಡೆ ಪಾಸಾದ ತಿಂಗಳಿಗೇ ಒಂದು ಹೊಸ ಕಾಟ ಶುರುವಾಗಿತ್ತು. ಮೂರಕ್ಕೆ ಅಳೆದರೆ ಎಲ್ಲ ಸರಿ. ಮೂರೂಕಾಲಿಗೆ ಬೇಲಿಯ ಹತ್ತಿರ ಶಬ್ದ ಸ್ವಲ್ಪ ಏರುತ್ತಿತ್ತು. ಮಿತಿಗೆ ಕೂದಲೆಳೆ ಒಳಗೆ, ಆದರೆ ಸೋರಿಕೆ ಸೋರಿಕೆಯೇ. ಎಲ್ಲಿಂದ? ಡಾಕ್ಟರ್ ಆಂಟಿಯ ಸ್ಟೆತಾಸ್ಕೋಪ್ ಇಸಿದುಕೊಂಡು ಬಂದು ಒಂದೊಂದೇ ಅಕ್ಕಿಚೀಲಕ್ಕೆ ಹಚ್ಚಿ ಕೇಳಿದೆ. ಬ್ಯಾಂಡಿನವರು ನೋಡಿ, ಗೋಡೆಗೆ ಹುಷಾರಿಲ್ಲವಾ ಅಂದರು. ಕಸದ ದೊಡ್ಡ ಡಬ್ಬಿಯ ಮರೆಗೆ ಒಂದು ಹಿಂಬಾಗಿಲಿತ್ತು. ನಾನು ಸುತ್ತಿಕೊಂಡು ಒಳಗೆ ಬಂದು ನೋಡಿದಾಗೆಲ್ಲ ಅದು ಭದ್ರವಾಗಿ ಮುಚ್ಚಿರುತ್ತಿತ್ತು. ಅದರ ಪಕ್ಕ ಒಂದು ಸಣ್ಣ ಹತ್ತು ಪೌಂಡಿನ ಚೀಲ ಮಾತ್ರ ನೆಲದ ಮೇಲೆ ಬಿದ್ದಿರುತ್ತಿತ್ತು. ಎತ್ತಿ ಗೋಡೆಗೆ ಸೇರಿಸುತ್ತಿದ್ದೆ. ಮುಂದಿನ ವಾರ ಮತ್ತೆ ನೆಲದಲ್ಲಿ.

ಅಂಕಲ್ ಒಂದೊಂದು ವಾರ ಒಂದೊಂದು ಹೇಳುತ್ತಿದ್ದರು. ಮೀಟರ್ ಕೆಟ್ಟಿರಬೇಕು, ಗಾಳಿ ಆ ಕಡೆಗಿರಬೇಕು, ನಿನ್ನ ಕಿವಿಗೆ ವಯಸ್ಸಾಗಿರಬೇಕು. ಒಂದು ಭಾನುವಾರ ಸೋರಿಕೆ ಖಂಡಿತ ಚಾವಣಿಯಿಂದಲೇ ಅಂತ ಹೇಳಿ ಏಣಿ ಹಾಕಿ ನನ್ನನ್ನು ಮೇಲಕ್ಕೆ ಹತ್ತಿಸಿದರು. ಮೇಲೆ ಏನೂ ಇಲ್ಲ. ಇಳಿಯೋಣ ಅಂತ ಬಂದರೆ ಏಣಿ ಇಲ್ಲ. ಒಂದು ಗಂಟೆ ಹೊತ್ತು ಕೊರೆಯುವ ಚಳಿಯಲ್ಲಿ ಕೂತಿದ್ದೆ. ಕೂಗಿದರೆ ಯಾರಿಗೆ ಕೇಳಬೇಕು, ಗೋಡೆ ಕಟ್ಟಿದವನು ನಾನೇ ಅಲ್ಲವಾ.

ಹಿಂಬಾಗಿಲು

ಒಂದು ವಸಂತದಲ್ಲಿ ಅಂಕಲ್ ಹೋಗಿಬಿಟ್ಟರು. ಆಸ್ಪತ್ರೆಯಲ್ಲಿ ಹೆಚ್ಚು ದಿನ ಇರಲಿಲ್ಲ. ಸ್ವಂತ ಚಿಕ್ಕಪ್ಪ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಭಾಷಣ ಕೂಡದು, ಭಾನುವಾರ ಮೂರಕ್ಕೆ ಬ್ಯಾಂಡು ನುಡಿಸಬೇಕು, ಅಷ್ಟೇ ಅಂತ ಅವರು ಬರೆದಿಟ್ಟಿದ್ದರು. ಷಿಕಾಗೋದಿಂದ ಎಲ್ಲ ಸೋದರಳಿಯಂದಿರೂ ಬಂದಿದ್ದರು. ಹೆಂಡತಿ ದೊಡ್ಡ ಪಾತ್ರೆ ತುಂಬ ಚಿತ್ರಾನ್ನ ತಂದಿದ್ದಳು. ಮಗಳು ಕಾಲೇಜಿನಿಂದ ಬಂದು, ಡೋರ್‌ಮನ್ ಭುಜದ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ನನಗೆ ಒಳಗೆ ನಿಲ್ಲಲಾಗಲಿಲ್ಲ. ಕುಂಕುಮದ ಮೀಟರ್ ಹಿಡಿದುಕೊಂಡು ಗಲ್ಲಿಗೆ ಹೋದೆ. ಅಭ್ಯಾಸ.

ಮೂರು ಗಂಟೆಗೆ ಎಲ್ಲ ಸರಿ. ಮೂರೂಕಾಲಿಗೂ ಸರಿ. ಮೂರೂವರೆಗೂ ಒಂದಿಷ್ಟೂ ಏರಲಿಲ್ಲ. ಆ ಕಾಟ ಶುರುವಾದ ಮೇಲೆ ಮೊದಲನೇ ಸಲ ಸೋರಿಕೆ ಪೂರ್ತಿ ನಿಂತಿತ್ತು. ಗೆದ್ದೆ ಅನ್ನಿಸಿತು. ಈ ಸುದ್ದಿ ಹೇಳೋಣ ಅಂದರೆ ಅಂಕಲ್ಲೇ ಇಲ್ಲ.

ಅಷ್ಟರಲ್ಲಿ ಬೇಲಿಯ ಆಚೆಯಿಂದ ಟೀಚರಮ್ಮ, ‘ಇವತ್ತು ಬಾಗಿಲು ಯಾರೂ ತೆಗೆಯಲಿಲ್ಲವಾ?’ ಅಂದರು.

ಯಾವ ಬಾಗಿಲು ಅಂತ ಕೇಳಿದೆ. ಅವರು ಕಸದ ಡಬ್ಬಿಯ ಕಡೆ ಕೈ ತೋರಿಸಿದರು. ಆಮೇಲೆ ಹೇಳಿದ್ದು ಇದು. ನನ್ನ ಗೋಡೆ ಪಾಸಾದ ಮೇಲೆ ಅವರಿಗೆ ಭಾನುವಾರದ ನಿದ್ದೆಯೇ ಹೋಯಿತಂತೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಢಂ ಢಂ ಕೇಳುತ್ತಾ, ಬೈಯುತ್ತಾ ಬೈಯುತ್ತಾ ನಿದ್ದೆ ಹೋಗಿ ರೂಢಿ. ಸದ್ದಿಲ್ಲದ ಮನೆಯಲ್ಲಿ ಒಬ್ಬರೇ ಚಾವಣಿ ನೋಡುತ್ತಾ ಮಲಗುವುದಾಯಿತು. ಮೂರು ವಾರ ತಡೆದರು, ನಾಲ್ಕನೇ ವಾರ ಅಂಕಲ್ ಹತ್ತಿರ ಹೋಗಿ ನಾಚಿಕೆ ಬಿಟ್ಟು ಕೇಳಿದರು. ಅವತ್ತಿನಿಂದ ಪ್ರತಿ ಭಾನುವಾರ ಮೂರೂಕಾಲಿಗೆ, ಅವರು ಹಾಸಿಗೆಯಲ್ಲಿ ಹೊರಳಾಡುವ ಹೊತ್ತಿಗೆ, ಅಂಕಲ್ ಹಿಂಬಾಗಿಲನ್ನು ಒಂದು ಗೇಣು ತೆಗೆದು ಆ ಸಣ್ಣ ಅಕ್ಕಿಚೀಲ ಒತ್ತಿಟ್ಟು ಬರುತ್ತಿದ್ದರು. ನಾನು ಸುತ್ತಿಕೊಂಡು ಬರುವುದನ್ನು ಡೋರ್‌ಮನ್ ನೋಡಿ ಕೈ ಮಾಡಿದರೆ ಮುಚ್ಚಿಬಿಡುತ್ತಿದ್ದರು.

‘ನಿನಗೆ ಹೇಳಬಾರದು ಅಂತ ನನ್ನಿಂದ ಮಾತು ತಗೊಂಡಿದ್ದ,’ ಅಂದರು ಟೀಚರಮ್ಮ. ‘ಎಂಜಿನಿಯರ್ ತುಂಬಾ ಕಷ್ಟಪಟ್ಟು ಕಟ್ಟಿದಾನೆ, ಮನಸ್ಸಿಗೆ ಬೇಜಾರು ಮಾಡ್ಕೋತಾನೆ ಅಂದ.’

ಆ ಚಳಿಯಲ್ಲಿ ಚಾವಣಿಯ ಮೇಲೆ ಕೂತಿದ್ದ ಒಂದು ಗಂಟೆ ನೆನಪಾಯಿತು. ನಗು ಬಂತು, ಅಳುವೂ ಬಂತು, ಎರಡನ್ನೂ ತಡೆಯಲಿಲ್ಲ. ಒಳಗೆ ಹೋಗಿ, ಆ ಹತ್ತು ಪೌಂಡಿನ ಚೀಲ ಹುಡುಕಿ, ಹಿಂಬಾಗಿಲನ್ನು ಗೇಣಲ್ಲ, ಪೂರ್ತಿ ತೆಗೆದು ಒತ್ತಿಟ್ಟೆ. ಮೂವತ್ತು ವರ್ಷದ ಗಲಾಟೆ ಗಲ್ಲಿಗೆ ಬಂದು ಬಿತ್ತು. ಕೈಯಲ್ಲಿದ್ದ ಮೀಟರ್ ಮಿತಿ ದಾಟಿ, ಅದರ ಮೇಲೂ ಏರಿತು.

ಹದಿನಾರು ವರ್ಷದ ನೌಕರಿಯ ಚಾಳಿ ಎಲ್ಲಿ ಬಿಟ್ಟೀತು. ಬೇಲಿಯ ಹತ್ತಿರ ಹೋಗಿ ಜೋರಾಗಿ ಹೇಳಿದೆ: ‘ಮೇಡಂ, ಇದು ಕಾನೂನಿಗೆ ವಿರುದ್ಧ. ಯಾರಾದರೂ ದೂರು ಕೊಟ್ಟರೆ ಕ್ಲಬ್ಬಿಗೆ ಬೀಗ ಹಾಕ್ತಾರೆ.’

ಟೀಚರಮ್ಮ ಆಗಲೇ ಶಾಲು ಹೊದ್ದುಕೊಂಡು ಮನೆಯ ಕಡೆ ತಿರುಗಿದ್ದರು.

‘ಈ ಬೀದಿಯಲ್ಲಿ ದೂರು ಕೊಡೋಳು ನಾನೊಬ್ಬಳೇ,’ ಅಂದರು. ‘ಇವತ್ತು ನನಗೆ ಪುರಸೊತ್ತಿಲ್ಲ, ಮಲಗಬೇಕು.’